ಚಪ್ಪಾಳೆ ಸಾಕು, ತಪ್ಪು ತಿದ್ದಿ

ಇವತ್ತೂ ಚಪ್ಪಾಳೆ ಬಿತ್ತು. ಮನೆಗೆ ಬಂದರೂ ಕೋಪ ಇಳಿದಿಲ್ಲ, ಅದಕ್ಕೇ ಇಲ್ಲಿ ಕಾರಿಕೊಳ್ಳುತ್ತಿದ್ದೇನೆ.

ವಿಶ್ವವಿದ್ಯಾಲಯದವರು ಹಿರಿಯರಿಗೆಂದೇ ನಡೆಸುವ ಖಗೋಳ ತರಗತಿಗೆ ಸೇರಿದ್ದೇನೆ ಅಂತ ನಿಮಗೆಲ್ಲ ಹೇಳಿದ್ದೆನಲ್ಲ. ಹೋದ ವಾರ ಮೇಷ್ಟ್ರು "ಹುಣ್ಣಿಮೆ ಆದಮೇಲೆ ಚಂದ್ರ ಯಾಕೆ ಸಣ್ಣಗಾಗುತ್ತಾನೆ?" ಅಂತ ಕೇಳಿದರು. ನಾನು ಕೈ ಎತ್ತಿ, "ಭೂಮಿಯ ನೆರಳು ಬೀಳುತ್ತೆ, ಅದಕ್ಕೆ" ಅಂದೆ. "ಸೂಪರ್ ಮೇಡಂ! ಈ ವಯಸ್ಸಲ್ಲೂ ಎಷ್ಟು ಆಸಕ್ತಿ!" ಅಂತ ಚಪ್ಪಾಳೆ ತಟ್ಟಿಸಿ ಮುಂದಿನ ಸ್ಲೈಡ್‌ಗೆ ಹೋದರು.

ರಾತ್ರಿ ಮೊಮ್ಮಗಳ ಮುಂದೆ ಜಂಬ ಕೊಚ್ಚಿಕೊಂಡೆ. "ಅಜ್ಜಿ, ನೆರಳು ಬೀಳೋದು ಗ್ರಹಣದಲ್ಲಿ!" ಅಂತ ಬಿದ್ದು ಬಿದ್ದು ನಕ್ಕಳು. ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಕಪಾಟಿನ ಮೇಲಿಟ್ಟು, ನನ್ನ ಕೈಗೆ ಚೆಂಡು ಕೊಟ್ಟು, ಕೈ ಚಾಚಿ ನಿಂತಲ್ಲೇ ತಿರುಗು ಅಂದಳು. ಚೆಂಡಿನ ಅರ್ಧ ಭಾಗಕ್ಕೆ ಯಾವಾಗಲೂ ಬೆಳಕಿದೆ. ಅದರಲ್ಲಿ ನನಗೆ ಕಾಣುವ ಪಾಲು ಮಾತ್ರ ಹೆಚ್ಚು ಕಮ್ಮಿ ಆಗುತ್ತಿದೆ. ಎರಡು ನಿಮಿಷದ ಕೆಲಸ. (ಮೇಷ್ಟ್ರಿಗೆ ಆ ಎರಡು ನಿಮಿಷ ಇರಲಿಲ್ಲ. ಚಪ್ಪಾಳೆಗೆ ಇತ್ತು.)

32 ವರ್ಷ ಆಡಿಟ್ ಮಾಡಿದವಳು ನಾನು. ಕಂಡವರ ತಪ್ಪಿಗೆಲ್ಲ ಕೆಂಪು ಗೆರೆ ಎಳೆದಿದ್ದೇನೆ. ಈಗ ನನ್ನ ತಪ್ಪಿಗೆ ಒಂದು ಗೆರೆಯ ಯೋಗ್ಯತೆಯೂ ಇಲ್ವಾ?

"ಪರೀಕ್ಷೆ ಇಲ್ಲ, ಅಂಕ ಇಲ್ಲ, ಸುಮ್ನೆ ಖುಷಿಗೆ ಕಲಿಯೋದು, ಬಿಡೇ" ಅಂತಾಳೆ ಗೆಳತಿ. ಸರಿ, ಅಂಕ ಬೇಡ. ಈ ಮಂಡಿ ನೋವಲ್ಲಿ ಮೂರು ಗಂಟೆ ಕೂತು ಬರೆಯುವ ಹುಚ್ಚು ನನಗೂ ಇಲ್ಲ. ಹಾಗಂತ ಅಂಕದ ಜೊತೆ ಸರಿ-ತಪ್ಪೂ ಹೋಗಬೇಕಾ? 1973ರಲ್ಲಿ ಫ್ರಾನ್ಸಿನ ಟೂಲೂಸ್‌ನಲ್ಲಿ ಪಿಯರ್ ವೆಲ್ಲಾಸ್ ನಿವೃತ್ತರಿಗಾಗಿ 'ಮೂರನೇ ವಯಸ್ಸಿನ ವಿಶ್ವವಿದ್ಯಾಲಯ' ಶುರು ಮಾಡಿದರು. 1980ರ ದಶಕದಲ್ಲಿ ಅದೇ ಹೆಸರು ಬ್ರಿಟನ್ನಿಗೆ ಹೋದಾಗ ಅಲ್ಲಿಯವರು ಪ್ರೊಫೆಸರುಗಳನ್ನೇ ನೆಚ್ಚಿಕೊಳ್ಳಲಿಲ್ಲ. ಸದಸ್ಯರೇ ಒಬ್ಬರಿಗೊಬ್ಬರು ಪಾಠ ಹೇಳಿಕೊಂಡರು. ಅದೇ ವಾಸಿ ಅನ್ನಿಸುತ್ತಿದೆ. ನಮ್ಮ ಓರಗೆಯವರು ತಪ್ಪು ಕಂಡರೆ ಬಿಡ್ತಾರಾ?

ಇನ್ನೊಂದು ಹೇಳಿಬಿಡುತ್ತೇನೆ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಸಹೋದ್ಯೋಗಿಯೊಬ್ಬರಿಗೆ ನಾನು ಕಂಪ್ಯೂಟರ್ ಕಲಿಸಬೇಕಿತ್ತು. ಅವರು ಮನೆಗೆ ಹೋದಮೇಲೆ ಅವರ ತಪ್ಪನ್ನೆಲ್ಲ ನಾನೇ ಸರಿಮಾಡಿ, ಬೆಳಗ್ಗೆ "ಚೆನ್ನಾಗಿ ಮಾಡಿದ್ದೀರಿ ಸಾರ್" ಅನ್ನುತ್ತಿದ್ದೆ. ಅದನ್ನೇ ಮರ್ಯಾದೆ ಅಂದುಕೊಂಡಿದ್ದೆ. ಅವರಿಗೆ ಗೊತ್ತಾಗುತ್ತಿತ್ತೋ ಏನೋ.

ಇವತ್ತು ತರಗತಿಯಲ್ಲಿ ಎದ್ದು ನಿಂತೆ. "ಸಾರ್, ಹೋದ ವಾರ ನಾನು ಹೇಳಿದ್ದು ಪೂರ್ತಿ ತಪ್ಪು. ಅದು ಗ್ರಹಣದ ಕಥೆ."

"ಸೂಪರ್ ಮೇಡಂ!"