ಎರಡು ಸಾಲಿನ ಸಿಎಸ್‌ಎಸ್‌ಗೆ ಜಾಗವೆಲ್ಲಿ?

ಜಾಲತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ, ಸಂಪರ್ಕ ಫಾರ್ಮ್‌ನ ಪ್ಲಗಿನ್ (ಹೆಚ್ಚುವರಿ ಸೌಲಭ್ಯಕ್ಕಾಗಿ ಸೇರಿಸುವ ಪುಟ್ಟ ತಂತ್ರಾಂಶ) ಒಂದರ ನೀಲಿ ಬಟನ್ನನ್ನು ಹಸಿರಾಗಿಸಲು ಬೇಕಾದದ್ದು ಎರಡೇ ಸಾಲು ಸಿಎಸ್‌ಎಸ್, ಅಂದರೆ ಪುಟದ ಬಣ್ಣ, ಅಂದಗಳನ್ನು ನಿರ್ಧರಿಸುವ ಸಂಕೇತ. ಆದರೆ ಅದನ್ನು ಎಲ್ಲಿ ಬರೆಯಬೇಕೆಂದು ಹುಡುಕುವುದರಲ್ಲೇ ನನ್ನ ಭಾನುವಾರ ಕಳೆದುಹೋಯಿತು. ಮೊದಲ ಸಲ ಪ್ಲಗಿನ್ನಿನ ಸ್ವಂತ ಕಡತದಲ್ಲೇ ತಿದ್ದಿದ್ದೆ (ತಪ್ಪು ನನ್ನದೇ, ಒಪ್ಪುತ್ತೇನೆ). ಮುಂದಿನ ಅಪ್‌ಡೇಟ್ ಬಂದಾಗ ಬಟನ್ ಮತ್ತೆ ನೀಲಿಯಾಗಿತ್ತು. ವರ್ಡ್‌ಪ್ರೆಸ್‌ನಲ್ಲಿ 2016ರ 4.7ನೇ ಆವೃತ್ತಿಯಿಂದ ಕಸ್ಟಮೈಜರ್‌ (ತಾಣದ ರೂಪ ಬದಲಿಸುವ ಪರದೆ) ಒಳಗೆ ಹೆಚ್ಚುವರಿ ಸಿಎಸ್‌ಎಸ್ ಬರೆಯಲೆಂದೇ ಒಂದು ಪೆಟ್ಟಿಗೆಯಿದೆಯಾದರೂ, ಬ್ಲಾಕ್ ಥೀಮ್ (ಇಡೀ ತಾಣವನ್ನು ಬ್ಲಾಕ್‌ಗಳಿಂದಲೇ ಜೋಡಿಸುವ ವಿನ್ಯಾಸ) ಹಾಕಿದೊಡನೆ ಸಾಮಾನ್ಯವಾಗಿ ಕಸ್ಟಮೈಜರ್ ಮೆನುವಿನಿಂದಲೇ ಮಾಯವಾಗಿ, ಅಂಥದ್ದೇ ಪೆಟ್ಟಿಗೆಯನ್ನು ಸೈಟ್ ಎಡಿಟರ್‌ನ ಸ್ಟೈಲ್ಸ್ ವಿಭಾಗದಲ್ಲಿ, ಮೂರು ಚುಕ್ಕಿಗಳ ಹಿಂದೆ ತಡಕಬೇಕಾಗುತ್ತದೆ. ಅಲ್ಲಿ ಬರೆದದ್ದೂ ಆ ಥೀಮ್‌ಗೇ ಅಂಟಿಕೊಂಡಿರುವುದರಿಂದ, ಥೀಮ್ ಬದಲಿಸಿದರೆ ಬಟನ್ ಪುನಃ ನೀಲಿ. ಇಷ್ಟಾದ ಮೇಲೂ ಪ್ಲಗಿನ್ನಿನವರು ತಮ್ಮ ಪ್ರತಿ ಸಾಲಿಗೂ ಬೇರೆ ಸಾಲುಗಳನ್ನು ಮೀರಿಸುವ ‘!ಇಂಪಾರ್ಟೆಂಟ್’ ಗುರುತು ಹಚ್ಚಿಟ್ಟಿದ್ದರೆ, ನಮ್ಮ ಎರಡು ಸಾಲನ್ನು ಕೇಳುವವರಾರು?