ಹತ್ತು ರೂಪಾಯಿಗೆ ಇಷ್ಟೊಂದು ಗಲಾಟೆನಾ?

ದಾವಣಗೆರೆಯ ನಮ್ಮ ನಿಟ್ಟುವಳ್ಳಿಯ ದೋಸೆ ಹೋಟೆಲಿನಲ್ಲಿ ಬೆಣ್ಣೆ ದೋಸೆ 60ರಿಂದ 70 ರೂಪಾಯಿ ಆಗಿದೆ. ಅಷ್ಟಕ್ಕೇ ಏರಿಯಾದ ವಾಟ್ಸಾಪ್ ಗ್ರೂಪಿನಲ್ಲಿ ವಾರವಿಡೀ ಗಲಾಟೆ. "ಇವ್ರಿಗೂ ದುರಾಸೆ ಬಂತು ನೋಡ್ರಿ" ಅಂತ ಒಬ್ಬರು. "ಇನ್ಮೇಲೆ ಮನೇಲೇ ಹೊಯ್ಕೊಂಡ್ರಾಯ್ತು ಬಿಡ್ರಿ" ಅಂತ ಇನ್ನೊಬ್ಬರು. ಹೀಗೆ ಬರೆದವರೇ ಮೊನ್ನೆ ಬೆಂಗಳೂರಿಗೆ ಹೋದಾಗ, 'ದಾವಣಗೆರೆ ಬೆಣ್ಣೆ ದೋಸೆ' ಅಂತ ಬೋರ್ಡ್ ಹಾಕಿದ ಕಡೆ ಇದರ ಎರಡರಷ್ಟು ದುಡ್ಡು ಕೊಟ್ಟು ತಿಂದು ಫೋಟೋ ಹಾಕಿದ್ದರು. ಅಲ್ಲಿ ದುರಾಸೆ ಕಾಣಲಿಲ್ಲ.

ನಾನು ಹೋಟೆಲಿನವರ ಪರ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಗೊತ್ತಿಲ್ಲದವರಿಗೆ ಮೊದಲು ಹೋಟೆಲಿನ ಬಗ್ಗೆ. ಹೊರಗಿನಿಂದ ನೋಡಿದರೆ ಹೋಟೆಲ್ ಅಂತ ಅನ್ನಿಸುವುದೇ ಇಲ್ಲ. ಹಳೇ ಮನೆಯ ಮುಂದಿನ ಪಡಸಾಲೆ, ನಾಲ್ಕೈದು ಟೇಬಲ್, ಮೂಲೆಯಲ್ಲಿ ಸೌದೆ ಒಲೆ, ಅದರ ಮೇಲೆ ಅಗಲವಾದ ಹಂಚು. ನಡೆಸುವುದು ಗಂಡ ಹೆಂಡತಿ, ನಮಗೆಲ್ಲ ಅಣ್ಣ, ಅಕ್ಕ. ಅಣ್ಣ ಹಂಚಿನ ಮುಂದೆ, ಅಕ್ಕ ಚಟ್ನಿ, ಪಲ್ಯ ಮತ್ತು ಗಲ್ಲಾದ ಹತ್ತಿರ. ಸಿಗುವುದು ಬೆಣ್ಣೆ ದೋಸೆ, ಖಾಲಿ ದೋಸೆ, ಓಪನ್ ದೋಸೆ, ಅಷ್ಟೇ. ಹೊಸಬರು ಯಾರಾದರೂ ಸಾಂಬಾರ್ ಕೇಳಿದರೆ ಅಣ್ಣ ತಲೆ ಎತ್ತದೆ "ಸಾಂಬಾರ್ ಬೇಕಂದ್ರೆ ಮುಂದಿನ ಸರ್ಕಲ್‌ಗೆ ಹೋಗ್ರಿ" ಅನ್ನುತ್ತಾರೆ. ಕೋಪದಿಂದ ಅಲ್ಲ, ದಾರಿ ಹೇಳುವ ಧಾಟಿಯಲ್ಲಿ.

ಹಿಟ್ಟಿಗೆ ಅಕ್ಕಿ, ಉದ್ದಿನಬೇಳೆ, ಜೊತೆಗೆ ನಮ್ಮೂರಿನ ಮಂಡಕ್ಕಿ. ಮಂಡಕ್ಕಿ ಇರುವುದರಿಂದಲೇ ದೋಸೆ ಹೊರಗೆ ಗರಿಗರಿ, ಒಳಗೆ ಮೆತ್ತಗೆ ಬರುತ್ತದೆ ಅನ್ನುವುದು ಅಕ್ಕನ ಲೆಕ್ಕ. ಹಂಚಿನ ಮೇಲೆ ಹಿಟ್ಟು ಹೊಯ್ದು, ಸ್ವಲ್ಪ ಬೇಯುತ್ತಿದ್ದ ಹಾಗೆ ಮೇಲೆ ಬೆಣ್ಣೆ ಬೀಳುತ್ತದೆ. ಪ್ಯಾಕೆಟ್ಟಿನ ಹಳದಿ ಉಪ್ಪು ಬೆಣ್ಣೆಯಲ್ಲ, ಬೆಳ್ಳಗಿನ ಹಸಿ ಬೆಣ್ಣೆ. ಅದು ಕರಗಿ ಅಂಚಿಗೆ ಹರಿದು ಹಂಚಿಗೆ ತಾಗಿದಾಗ ಬರುವ ವಾಸನೆಗೆ ರಸ್ತೆಯಲ್ಲಿ ಹೋಗುವವರು ಬೈಕ್ ನಿಧಾನ ಮಾಡುತ್ತಾರೆ. ತಟ್ಟೆಗೆ ಬಂದ ಮೇಲೆ ಇನ್ನೊಂದು ಬೆಣ್ಣೆ ಉಂಡೆ. ಪಕ್ಕದಲ್ಲಿ ಅರಿಶಿನ ಹಾಕದ ಬಿಳಿ ಆಲೂಗಡ್ಡೆ ಪಲ್ಯ, ತೆಳ್ಳಗಿನ ಕಾಯಿ ಚಟ್ನಿ. ಚಟ್ನಿಯಲ್ಲಿ ಹಸಿಮೆಣಸಿನಕಾಯಿ ಖಾರ ಸ್ವಲ್ಪ ಜಾಸ್ತಿನೇ. ಪಲ್ಯ ಸಪ್ಪೆ ಇರಬೇಕು, ಚಟ್ನಿ ಚುರುಕ್ ಅನ್ನಬೇಕು, ಬೆಣ್ಣೆ ಎರಡನ್ನೂ ಸರಿದೂಗಿಸಬೇಕು. ಇದನ್ನು ಮೂರು ಬೆರಳಲ್ಲಿ ತಿನ್ನಬೇಕು, ಚಮಚ ಕೇಳಬಾರದು. ಇದು ನನ್ನ ಕಾನೂನು, ಹೋಟೆಲಿನದಲ್ಲ.

ಎದುರಿಗೆ ಯಾರು ಕೂರುತ್ತಾರೋ ಹೇಳೋಕಾಗಲ್ಲ. ಮಂಡಿಪೇಟೆಯ ಹಮಾಲರು, ಆಟೋದವರು, ಕಾಲೇಜು ಹುಡುಗರು, ಬ್ಯಾಂಕಿನ ಮ್ಯಾನೇಜರ್. ಎಲ್ಲರೂ ಒಂದೇ ಬೆಂಚು. ಎಷ್ಟು ತಿಂದಿರಿ ಅಂತ ಅಕ್ಕ ಚೀಟಿ ಬರೆಯುವುದಿಲ್ಲ, ಮುಖ ನೋಡಿ ಹೇಳುತ್ತಾರೆ. ನಾವು ಮರೆತರೂ ಅವರು ಮರೆಯುವುದಿಲ್ಲ.

ಈಗ ಬೆಲೆಗೆ ಬರುತ್ತೇನೆ. ನಾಲ್ಕು ಪರ್ಸೆಂಟ್ ಕೊಬ್ಬಿರುವ ಹಸುವಿನ ಹಾಲಾದರೆ, ಒಂದು ಕೆಜಿ ಬೆಣ್ಣೆಗೆ ಹೆಚ್ಚುಕಡಿಮೆ 20 ಲೀಟರ್ ಹಾಲು ಬೇಕು. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಅದೇ ವರ್ಷ ತೆಂಗಿನಕಾಯಿ ರೇಟು ಕೇಳಿ ಮನೆಮನೆಯಲ್ಲೂ ಚಟ್ನಿ ತೆಳ್ಳಗಾಯಿತು. ಸೆಪ್ಟೆಂಬರ್‌ನಲ್ಲಿ ಬೆಣ್ಣೆ, ತುಪ್ಪದ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದ್ದು ನಿಜ. ಗ್ರೂಪಿನಲ್ಲಿ ಒಬ್ಬರು ಅದನ್ನೇ ಹಿಡಿದು ವಾದ ಮಾಡಿದರು. ಆದರೆ ಸೌದೆಗೆ, ಕಾಯಿಗೆ, ತಟ್ಟೆ ತೊಳೆಯುವ ಹುಡುಗನ ಸಂಬಳಕ್ಕೆ ಯಾವ ಇಳಿಕೆಯೂ ಬರಲಿಲ್ಲವಲ್ಲ.

ಇಷ್ಟಾದರೂ ಬೆಲೆ ಏರಿಸಬೇಡಿ ಅಂದರೆ ಅವರು ಏನು ಮಾಡಬೇಕು? ದಾರಿ ಇದೆ. ಬೆಣ್ಣೆ ಕಡಿಮೆ ಮಾಡಿ ಡಾಲ್ಡಾ ಸೇರಿಸುವುದು. ಇನ್ನೊಂದು ಹೋಟೆಲಿನಲ್ಲಿ ನಾನು ಇದನ್ನು ನೋಡಿದ್ದೇನೆ. ಬೆಲೆ ಅದೇ ಇತ್ತು, ತಿಂದು ಎದ್ದ ಮೇಲೆ ಅಂಗುಳಕ್ಕೆ ಜಿಡ್ಡು ಅಂಟಿಕೊಂಡಿತ್ತು. ಆ ಹೋಟೆಲಿನ ಬಗ್ಗೆ ಗ್ರೂಪಿನಲ್ಲಿ ಯಾರೂ ಒಂದು ಮಾತೂ ಆಡಿಲ್ಲ, ಯಾಕೆಂದರೆ ಬೋರ್ಡಿನಲ್ಲಿ ಅಂಕಿ ಬದಲಾಗಿಲ್ಲ.

ನನ್ನ ಸ್ವಂತ ಅಕ್ಕನ ಮಗ ಜಪಾನಿನ ಒಸಾಕಾದಲ್ಲಿ ಕೆಲಸ ಮಾಡುತ್ತಾನೆ. ರಜೆಗೆ ಬಂದಿದ್ದಾಗ ಇದೇ ಹೋಟೆಲಿಗೆ ಕರೆದುಕೊಂಡು ಹೋಗಿದ್ದೆ. ಅವನ ಮನೆ ಹತ್ತಿರವೂ ಹೀಗೇ ಒಂದು ಸುಶಿ ಹೋಟೆಲ್ ಇದೆಯಂತೆ, ಸಂಬಳದವರು ದಿನಾ ಹೋಗುವಂಥದ್ದು. ಸುಶಿ ಅಂದರೆ ಹುಳಿ ಬೆರೆಸಿದ ಅನ್ನದ ಜೊತೆ ಮೀನೋ ತರಕಾರಿಯೋ ಇಟ್ಟು ಕೊಡುವ ತುತ್ತು. "ಹಸಿ ಮೀನು ತಿಂತೀಯೇನೋ?" ಅಂತ ಅವನಮ್ಮ ಗಾಬರಿಯಾದಳು. "ಇಲ್ಲಮ್ಮ, ಸೌತೆಕಾಯಿ ಸುಶಿ ತಿಂತೀನಿ" ಅಂದ. ಪೂರ್ತಿ ನಿಜ ಹೇಳಿದ ಅಂತ ನನಗೆ ಅನ್ನಿಸಲಿಲ್ಲ. ಇರಲಿ.

ಅವನು ಹೇಳಿದ ಮೇಲೆ ನಾನೂ ಸ್ವಲ್ಪ ಓದಿದೆ. ಸುಶಿ ಅಂದರೆ ದುಬಾರಿ ಊಟ ಅಂದುಕೊಂಡಿದ್ದೆವು, ಅಲ್ವಾ? ಸುಮಾರು 200 ವರ್ಷದ ಹಿಂದೆ, ಟೋಕಿಯೋ ಇನ್ನೂ ಎಡೋ ಆಗಿದ್ದಾಗ, ಕೈಯಲ್ಲಿ ಒತ್ತಿ ಮಾಡುವ ಸುಶಿ ಗಾಡಿಯ ಹತ್ತಿರ ನಿಂತು ತಿನ್ನುವ ತಿಂಡಿಯಾಗಿತ್ತು. ಆಮೇಲೆ ದುಡ್ಡಿದ್ದವರ ಊಟವಾಯಿತು. 1958ರಲ್ಲಿ ಶಿರೈಶಿ ಯೋಶಿಯಾಕಿ ಎಂಬಾತ ಒಸಾಕಾ ಕಡೆ, ಬಿಯರ್ ಕಾರ್ಖಾನೆಯ ಬೆಲ್ಟ್ ನೋಡಿ, ತಟ್ಟೆಗಳು ತಾವೇ ಸುತ್ತಿಕೊಂಡು ಬರುವ ಸುಶಿ ಹೋಟೆಲ್ ಶುರು ಮಾಡಿದ. ಬಡಿಸುವವರ ಖರ್ಚು ಉಳಿಯಿತು, ಸುಶಿ ಮತ್ತೆ ಜನರ ಕೈಗೆಟುಕಿತು. ತಟ್ಟೆಗೆ ನೂರು ಯೆನ್ ಅನ್ನುವುದು ಅಲ್ಲಿ ಎಷ್ಟೋ ವರ್ಷ ನಡೆಯಿತು. ನಮ್ಮ ಲೆಕ್ಕದಲ್ಲಿ 60 ರೂಪಾಯಿ ಆಸುಪಾಸು, ನೋಡಿ ಹೇಗಿದೆ! ಕೊನೆಗೆ 2022ರ ಅಕ್ಟೋಬರ್‌ನಲ್ಲಿ ಸುಶಿರೋ ಅನ್ನುವ ದೊಡ್ಡ ಕಂಪನಿಯೂ ಆ ನೂರು ಯೆನ್ ತಟ್ಟೆ ಕೈಬಿಟ್ಟಿತು. ಮೀನಿನ ರೇಟು ಏರಿತ್ತು, ಯೆನ್ ಬಿದ್ದಿತ್ತು. ಊರೂರಲ್ಲಿ ಬ್ರಾಂಚು, ಬೆಲ್ಟು, ಕಂಪ್ಯೂಟರು ಇಟ್ಟುಕೊಂಡವರಿಗೇ ಆಗದೇ ಇದ್ದದ್ದು, ಸೌದೆ ಒಲೆಯ ಮುಂದೆ ನಿಂತ ಗಂಡ ಹೆಂಡತಿಗೆ ಆಗಬೇಕು ಅಂತ ನಾವು ಹಟ ಹಿಡಿದಿದ್ದೇವೆ.

ನಮ್ಮ ದೋಸೆಯೂ ಬಡತನದಿಂದಲೇ ಬಂದದ್ದು. 1928ರ ಹೊತ್ತಿಗೆ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ, ವಸಂತ ಟಾಕೀಸ್ ಹತ್ತಿರ ನಾಟಕದ ಥಿಯೇಟರ್ ಮುಂದೆ ರಾಗಿ ದೋಸೆ ಮಾರುತ್ತಿದ್ದರು ಅಂತ ಊರಲ್ಲಿ ಹೇಳುತ್ತಾರೆ. ಅಕ್ಕಿ, ಮಂಡಕ್ಕಿ, ಬೆಣ್ಣೆ ಬಂದದ್ದು ಆಮೇಲೆ, ಮಕ್ಕಳ ಕಾಲಕ್ಕೆ. ಆಕೆ ದೋಸೆ ಮಾರಿದ್ದು ಮಕ್ಕಳನ್ನು ಸಾಕಲಿಕ್ಕೆ. ಊರಿಗೆ ಅಗ್ಗದ ತಿಂಡಿ ಕೊಡುತ್ತೇನೆ ಅಂತ ಆಕೆಯೇನೂ ಹರಕೆ ಹೊತ್ತಿರಲಿಲ್ಲ.

ಹಮಾಲರಿಗೆ, ಓದುವ ಹುಡುಗರಿಗೆ ಹತ್ತು ರೂಪಾಯಿ ಭಾರವೇ. ಅದನ್ನು ಅಲ್ಲಗಳೆಯಲ್ಲ. ಆದರೆ ಗ್ರೂಪಿನಲ್ಲಿ ಕೂಗಾಡಿದವರಲ್ಲಿ ಅವರು ಯಾರೂ ಇಲ್ಲ. ಅವರು ಬರುತ್ತಲೇ ಇದ್ದಾರೆ, ಕೆಲವರು ಬೆಣ್ಣೆ ದೋಸೆ ಬಿಟ್ಟು ಖಾಲಿ ದೋಸೆ ತಗೊಳ್ಳುತ್ತಾರೆ. ಅದಕ್ಕೆ ಅಣ್ಣ ಒಂದು ಪೈಸೆಯೂ ಏರಿಸಿಲ್ಲ. ಗ್ರೂಪಿನವರು ಇದನ್ನು ಗಮನಿಸಿಯೇ ಇಲ್ಲ.

ಮುಂದಿನ ವರ್ಷ 80 ಆದರೂ ನಾನು ಸುಮ್ನೆ ಕೊಟ್ಟು ಬರುತ್ತೇನೆ. ಬೆಣ್ಣೆ ಬದಲಾಗಿದೆ ಅನ್ನಿಸಿದ ದಿನ ಮಾತ್ರ ಜಗಳ ಆಡುತ್ತೇನೆ, ಅದೂ ಗ್ರೂಪಿನಲ್ಲಲ್ಲ, ಗಲ್ಲಾದ ಮುಂದೆ ನಿಂತು ಅಕ್ಕನ ಹತ್ತಿರವೇ.