ನಿಂಬೆಹಣ್ಣು, ಸ್ಟಿಕ್ಕರು, ಹೆಡ್‌ಲೈಟು

ಆಯುಧಪೂಜೆ ಮುಗಿದು ನಾಲ್ಕು ದಿನ ಆಗಿತ್ತು. ಕಾರಿನ ಬಾನೆಟ್ ಮೇಲೆ ಕುಂಕುಮ ಇನ್ನೂ ಉಳಿದಿತ್ತು. ಈ ಊರಲ್ಲಿ ಬೂದುಗುಂಬಳಕಾಯಿ ಎಲ್ಲಿಂದ ಬರಬೇಕು? ಟರ್ಕಿಯವರ ಅಂಗಡಿಯಿಂದ ತಂದ ನಾಲ್ಕು ನಿಂಬೆಹಣ್ಣಿನಲ್ಲೇ ಪೂಜೆ ಮುಗಿಸಿದ್ದೆ. ಅವತ್ತು ರಾತ್ರಿ ಕೆಲಸ ಮುಗಿಸಿ ಬಂದು ಗಾಡಿ ನಿಲ್ಲಿಸಿದೆ. ಎದುರು ಮನೆಯ ಅಜ್ಜ ಕಸದ ಡಬ್ಬಿ ಎಳೆದುಕೊಂಡು ಹೊರಗೆ ಬಂದವರು ನನ್ನನ್ನು ನೋಡಿ ನಿಂತರು.

"ನಿಮ್ಮ ದೀಪ ಯಾಕೋ ಸರಿಯಿಲ್ಲ" ಅಂದರು. "ನಿನ್ನೆ ನೀವು ಎದುರು ಬಂದಾಗ ನನಗೆ ರಸ್ತೆಯೇ ಕಾಣಲಿಲ್ಲ. ಹೇಗೂ ಅಕ್ಟೋಬರ್, ತೋರಿಸಿಬಿಡಿ. ದುಡ್ಡು ತಗೊಳ್ಳೋದಿಲ್ಲ."

ಮುಖದಲ್ಲಿ ಸಿಟ್ಟಿರಲಿಲ್ಲ, ದನಿ ಏರಿರಲಿಲ್ಲ. ಅದಕ್ಕೇ ಜಾಸ್ತಿ ಚುಚ್ಚಿತು. ಯಾಕಂದರೆ ಆ ದೀಪದ ಬಗ್ಗೆ ನನಗೆ ಹೆಮ್ಮೆ ಇತ್ತು.

ನಾನಿರುವುದು ಜರ್ಮನಿಯಲ್ಲಿ, ಸ್ಟುಟ್‌ಗಾರ್ಟ್‌ನಿಂದ ಬ್ಲ್ಯಾಕ್ ಫಾರೆಸ್ಟ್ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ಕಾರು 2008ರದ್ದು, ಸೆಕೆಂಡ್ ಹ್ಯಾಂಡ್. ಹೆಡ್‌ಲೈಟಿನ ಪ್ಲಾಸ್ಟಿಕ್ ಗಾಜು ಬಿಸಿಲಿಗೆ ಹಳದಿ ತಿರುಗಿ ಹಳೇ ಹರಳೆಣ್ಣೆ ಬಾಟಲಿಯ ಹಾಗಾಗಿತ್ತು. ಒಳಗಿದ್ದದ್ದು ಮಾಮೂಲಿ 55 ವ್ಯಾಟಿನ ಎಚ್7 ಹ್ಯಾಲೊಜೆನ್ ಬಲ್ಬು. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋದಮೇಲೆ ಸಂಜೆ ಐದೂವರೆಗೆ ಕತ್ತಲು. ದಾರಿಯಲ್ಲಿ ಕಾಡು, ಕಾಡಿನಲ್ಲಿ ಜಿಂಕೆ, ಹಂದಿ. ಸ್ಟಿಯರಿಂಗ್ ಮೇಲೆ ಎದೆ ಊರಿ ಕಣ್ಣು ಕಿರಿದು ಮಾಡಿಕೊಂಡು ಓಡಿಸುತ್ತಿದ್ದೆ.

ಹೋದ ಸಲ ಊರಿಗೆ ಬಂದಾಗ ಇದನ್ನು ಚಿಕ್ಕಪ್ಪನ ಮಗನ ಹತ್ತಿರ ಹೇಳಿಕೊಂಡೆ. "ಅಣ್ಣಾ, ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೊಳ್ತೀಯಾ" ಅಂತ ನೇರ ಬೆಂಗಳೂರಿನ ಜೆ.ಸಿ. ರಸ್ತೆಗೆ ಕರೆದುಕೊಂಡು ಹೋದ. ಅಂಗಡಿಯವನು ಒಂದು ಎಲ್‌ಇಡಿ ಬಲ್ಬನ್ನು ಬ್ಯಾಟರಿಗೆ ಮುಟ್ಟಿಸಿ ಎದುರಿನ ಶಟರ್ ಮೇಲೆ ಬಿಟ್ಟ. ಮಟಮಟ ಮಧ್ಯಾಹ್ನದಲ್ಲೂ ಶಟರ್ ಬೆಳ್ಳಗಾಯಿತು. "ಎಷ್ಟು ವ್ಯಾಟ್ ಕೊಡ್ಲಿ ಸಾರ್?" ಅಂದ. ಅವನು ಕೇಳಿದ್ದು ಅದೊಂದೇ. ಜೋಡಿಗೆ 1,800 ರೂಪಾಯಿ. ಸಾಕ್ಸಿನಲ್ಲಿ ಸುತ್ತಿ ಚಟ್ನಿಪುಡಿ ಪಕ್ಕ ಇಟ್ಟುಕೊಂಡು ಬಂದೆ.

ಹಾಕಿದ ದಿನ ಏನು ಸಂಭ್ರಮ! ಮರದ ತುದಿಯವರೆಗೆ ಬೆಳಕು. ಬೋರ್ಡುಗಳೆಲ್ಲ ಫಳಫಳ. ಎದುರಿನಿಂದ ಬಂದವರು ಒಬ್ಬೊಬ್ಬರಾಗಿ ಲೈಟ್ ಫ್ಲ್ಯಾಶ್ ಮಾಡಿದರು. ನಮ್ಮಲ್ಲಿ ಫ್ಲ್ಯಾಶ್ ಮಾಡಿದರೆ "ನಾನು ಬರ್ತಿದ್ದೀನಿ, ನೀನು ನಿಲ್ಲು" ಅಂತ. ಇಲ್ಲಿ ಎಷ್ಟೋ ಸಲ "ನೀವು ಮೊದಲು ಹೋಗಿ" ಅಂತ. ಈ ಜನ ಎಷ್ಟು ಮರ್ಯಾದಸ್ಥರು ಅಂದುಕೊಂಡು ಒಂದು ವಾರ ಕೈ ಎತ್ತಿ ಥ್ಯಾಂಕ್ಸ್ ಹೇಳಿಕೊಂಡು ಓಡಾಡಿದ್ದೇನೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಅಜ್ಜ ಹೇಳಿದ್ದು ಅಕ್ಟೋಬರ್ ದೀಪ ತಪಾಸಣೆಯ ಬಗ್ಗೆ. 1956ರಿಂದ ಜರ್ಮನಿಯಲ್ಲಿ ಇದು ನಡೆದುಕೊಂಡು ಬಂದಿದೆ. ಆ ತಿಂಗಳು ಗ್ಯಾರೇಜಿಗೆ ಹೋದರೆ ಬಿಟ್ಟಿಯಾಗಿ ದೀಪ ನೋಡುತ್ತಾರೆ, ಸರಿಯಿದ್ದರೆ ಮುಂದಿನ ಗಾಜಿಗೆ ಒಂದು ಸ್ಟಿಕ್ಕರ್ ಅಂಟಿಸಿ ಕಳಿಸುತ್ತಾರೆ. ನಾವು ಗಾಡಿಗೆ ಕುಂಕುಮ ಇಡುವ ಹೊತ್ತಿಗೇ ಇವರು ಸ್ಟಿಕ್ಕರ್ ಅಂಟಿಸುತ್ತಾರೆ ನೋಡಿ. ನಮ್ಮ ಪೂಜೆಯಲ್ಲಿ ಹೆಡ್‌ಲೈಟಿಗೆ ಎರಡು ಬೊಟ್ಟು, ಮೇಲೊಂದು ಚೆಂಡುಹೂವಿನ ಹಾರ. ಅದು ಉರಿಯುತ್ತದೋ ಇಲ್ಲವೋ, ಯಾರ ಕಣ್ಣಿಗೆ ಹೊಡೆಯುತ್ತದೋ, ಅವತ್ತು ಕೇಳುವವರಿಲ್ಲ.

ಗ್ಯಾರೇಜಿನ ಮೆಕ್ಯಾನಿಕ್ ಚಕ್ರದ ಮೇಲಿದ್ದ ಒಂದು ಪೆಟ್ಟಿಗೆಯನ್ನು ತಳ್ಳಿಕೊಂಡು ಬಂದು ಹೆಡ್‌ಲೈಟಿನ ಮುಂದೆ ನಿಲ್ಲಿಸಿದ. ಅದಕ್ಕೊಂದು ದೊಡ್ಡ ಮಸೂರ, ಒಳಗೊಂದು ಪರದೆ. ನನ್ನನ್ನೂ ಕರೆದು ತೋರಿಸಿದ. ಡಿಮ್ ಲೈಟಿನ ಬೆಳಕು ಆ ಪರದೆಯ ಮೇಲೆ ಒಂದು ಗೆರೆ ಹಾಕಬೇಕು. ಮೇಲೆ ಕತ್ತಲು, ಕೆಳಗೆ ಬೆಳಕು. ಇಲ್ಲಿ ಗಾಡಿಗಳು ಬಲಕ್ಕೆ ಓಡುವುದರಿಂದ ಎಡಗಡೆ ಗೆರೆ ನೆಟ್ಟಗೆ, ಬಲಗಡೆ ರಸ್ತೆಯಂಚು ಕಾಣಲಿ ಅಂತ ಸ್ವಲ್ಪ ಏರು. ನಮ್ಮ ಊರಲ್ಲಾದರೆ ಇದೇ ಉಲ್ಟಾ. ನನ್ನ ಕಾರಿನದ್ದು ಗೆರೆಯೂ ಅಲ್ಲ, ಏರೂ ಅಲ್ಲ. ಒಲೆ ಮೇಲೆ ಹಾಲು ಉಕ್ಕಿದ ಹಾಗಿತ್ತು.

ಬಾನೆಟ್ ಎತ್ತಿ ಹಿಂದಿನ ಮುಚ್ಚಳ ತೆಗೆದ. ಪುಟಾಣಿ ಫ್ಯಾನ್ ಗುಂಯ್ ಅಂತ ತಿರುಗುತ್ತಿತ್ತು. "ಇದು ಎಲ್ಲಿಯದು?" ಅಂದ. ಬೆಂಗಳೂರಿನದು ಅಂದೆ. ತಲೆ ಆಡಿಸಿ, ಕಪಾಟಿನಿಂದ ಒಂದು ಹಳೇ ಬಲ್ಬು ತಂದು ನನ್ನ ಅಂಗೈಲಿಟ್ಟ. ನಮ್ಮ ಊರಿನ ಬೈಕು, ಕಾರುಗಳಲ್ಲಿ ಇರುವಂಥದ್ದೇ ಎಚ್4. ಒಳಗೆ ಎರಡು ತಂತಿ, ಒಂದು ಡಿಮ್ಮಿಗೆ, ಒಂದು ಹೈಬೀಮಿಗೆ. ಡಿಮ್ಮಿನ ತಂತಿಯ ಕೆಳಗೆ ಉಗುರಿನಷ್ಟೂ ಇಲ್ಲದ ಒಂದು ತಗಡಿನ ಬಟ್ಟಲು. ಕೆಳಮುಖವಾಗಿ ಹೋದ ಬೆಳಕು ಕನ್ನಡಿಗೆ ತಾಗಿ ಎದುರಿನವನ ಕಣ್ಣಿಗೆ ಹಾರದ ಹಾಗೆ ಆ ಬಟ್ಟಲು ತಡೆಯುತ್ತದೆ. ನನ್ನ ಕಾರಿನ ಎಚ್7ಗೆ ಬಟ್ಟಲಿಲ್ಲ, ಆದರೆ ಅಲ್ಲೂ ಕನ್ನಡಿಯ ಪ್ರತಿ ಮಡಿಕೆಯನ್ನು ತಂತಿ ಇರುವ ಜಾಗವನ್ನು ನೋಡಿಯೇ ಮಾಡಿರುತ್ತಾರೆ. ತಂತಿಯ ಜಾಗದಲ್ಲಿ ಎರಡು ಕಡೆ ಎಲ್‌ಇಡಿ ಚಿಪ್ಪು ಅಂಟಿಸಿದ ಪಟ್ಟಿ ತಂದು ನಿಲ್ಲಿಸಿದರೆ ಆ ಲೆಕ್ಕವೆಲ್ಲ ತಪ್ಪುತ್ತದೆ. ಬೆಳಕು ಜಾಸ್ತಿ ಆಗುತ್ತದೆ, ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಮಾತ್ರ ಹೋಗುವುದಿಲ್ಲ.

ಇಷ್ಟು ವರ್ಷ ಗಾಡಿ ಓಡಿಸಿದ್ದೇನೆ, ಆ ಬಟ್ಟಲನ್ನು ನಾನು ನೋಡಿದ್ದು ಅದೇ ಮೊದಲು.

ಸ್ಟಿಕ್ಕರ್ ಸಿಗಲಿಲ್ಲ. ಇದೇ ದೀಪ ಹಾಕಿಕೊಂಡು ರಸ್ತೆಗಿಳಿದರೆ ಗಾಡಿಯ ಪರವಾನಗಿಯೇ ರದ್ದು ಅಂತ ಬೇರೆ ಹೇಳಿದ. ಹಟಕ್ಕೆ ಬಿದ್ದು ಅವತ್ತು ರಾತ್ರಿ ಹೆಂಡತಿಯನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಡಿಮ್ ಹಾಕು ಅಂತ ಹೇಳಿ, ಮೂವತ್ತು ಹೆಜ್ಜೆ ನಡೆದು ತಿರುಗಿ ನಿಂತೆ. ಅವಳು ಒಳಗಿನಿಂದ ಕೈ ಬೀಸಿದಳಂತೆ. ನನಗೆ ಕಾರೇ ಕಾಣಲಿಲ್ಲ.

ಆಗ ಅಪ್ಪ ನೆನಪಾದರು. ನಾನು ಕಾಲೇಜಿನಲ್ಲಿದ್ದಾಗ ತೀರ್ಥಹಳ್ಳಿಯಿಂದ ರಾತ್ರಿ ಸ್ಕೂಟರಿನಲ್ಲಿ ಬರುತ್ತಿದ್ದವರು ಎದುರಿನ ಜೀಪಿನ ಬೆಳಕಿಗೆ ಕಣ್ಣು ಕತ್ತಲಾಗಿ ಚರಂಡಿಗೆ ಇಳಿದಿದ್ದರು. ಮಂಡಿ ಇವತ್ತಿಗೂ ಮಳೆಗಾಲದಲ್ಲಿ ಎಳೆಯುತ್ತದೆ. ಮನೆಯವರೆಲ್ಲ ಸೇರಿ ಆ ಜೀಪಿನವನಿಗೆ ಶಾಪ ಹಾಕಿದೆವು. ಮುಂದಿನ ವರ್ಷ ಅಪ್ಪ ಓಮ್ನಿ ತಗೊಂಡರು. ತಗೊಂಡು ಮಾಡಿದ ಮೊದಲ ಕೆಲಸ ಏನು ಗೊತ್ತಾ? 60/55 ವ್ಯಾಟಿನ, ಅಂದರೆ ಹೈಬೀಮಿಗೆ 60, ಡಿಮ್ಮಿಗೆ 55ರ ಬಲ್ಬು ಕಿತ್ತು 100/90 ಹಾಕಿಸಿದ್ದು. "ಇನ್ನು ಯಾವನು ಬರ್ತಾನೋ ಬರ್ಲಿ" ಅಂದಿದ್ದರು.

ನನ್ನ ತಕರಾರು ಇರುವುದು ಇದರ ಮೇಲೇ. ನಮ್ಮಲ್ಲಿ ಕಣ್ಣಿಗೆ ಹೊಡೆಸಿಕೊಂಡವನು ಮನೆಗೆ ಬಂದು ತಾನೂ ಹೊಡೆಯುವ ದೀಪ ಹಾಕಿಸುತ್ತಾನೆ. ಅವನಿಂದ ಹೊಡೆಸಿಕೊಂಡವನು ಇನ್ನೂ ದೊಡ್ಡದನ್ನು ತರುತ್ತಾನೆ. ಲಾರಿಯ ಹಿಂದೆ "ಯೂಸ್ ಡಿಪ್ಪರ್ ಅಟ್ ನೈಟ್" ಅಂತ ಬರೆಸಿದವನೇ ಮುಂದೆ ನಾಲ್ಕು ಎಕ್ಸ್‌ಟ್ರಾ ಲೈಟ್ ಕಟ್ಟಿಸಿರುತ್ತಾನೆ. ಹಿಂದೆಲ್ಲ ಹೆಡ್‌ಲೈಟಿನ ಮೇಲರ್ಧಕ್ಕೆ ಕಪ್ಪು ಬಣ್ಣ ಬಳಿಯುತ್ತಿದ್ದರು, ನೆನಪಿದೆಯಾ? ನೋಡಲು ಚೆನ್ನಾಗಿರಲಿಲ್ಲ ನಿಜ, ಆದರೆ ಎದುರು ಬರುವವನಿಗೂ ಎರಡು ಕಣ್ಣಿವೆ ಅನ್ನುವ ನೆನಪಾದರೂ ಆ ಬಣ್ಣದಲ್ಲಿತ್ತು. ಈಗ ಊರಿಗೆ ಬಂದರೆ ಆಗುಂಬೆ ಘಾಟಿಯ 14 ತಿರುವಿನಲ್ಲೂ ಯಾರೂ ಡಿಮ್ ಮಾಡುವುದಿಲ್ಲ. ಡಿಮ್ ಮಾಡಿದರೂ ಏನು, ಆ ಎಲ್‌ಇಡಿಗಳಲ್ಲಿ ಡಿಮ್ಮಿಗೂ ಹೈಬೀಮಿಗೂ ವ್ಯತ್ಯಾಸವೇ ತಿಳಿಯುವುದಿಲ್ಲ.

2024ರ ಜುಲೈನಲ್ಲಿ ಕರ್ನಾಟಕದ ಪೊಲೀಸರು ಕಣ್ಣು ಕುಕ್ಕುವ ದೀಪಗಳ ಮೇಲೆ ಕೇಸು ಹಾಕಲು ಹೊರಟಾಗ ನನಗೆ ಖುಷಿಯಾಗಿತ್ತು. ಫೋನಿನಲ್ಲಿ ತಮ್ಮನನ್ನು ಕೇಳಿದರೆ "ಒಂದು ವಾರ ಅಣ್ಣಾ, ಆಮೇಲೆ ಎಲ್ಲ ಮಾಮೂಲಿ" ಅಂದ.

ಹಾಗಂತ ಇಲ್ಲಿಯವರು ಸಾಚಾ ಅಂತಲ್ಲ. ಇವರ ಕಾಗದದ ಹುಚ್ಚು ನೋಡಿದರೆ ನಮ್ಮ ತಾಲ್ಲೂಕಾಫೀಸೇ ವಾಸಿ ಅನಿಸುತ್ತದೆ. ಹ್ಯಾಲೊಜೆನ್ ಜಾಗಕ್ಕೆ ಹಾಕುವ ಎಲ್‌ಇಡಿ ಬಲ್ಬಿಗೆ ಜರ್ಮನಿ ಮೊದಲ ಸಲ ಒಪ್ಪಿಗೆ ಕೊಟ್ಟಿದ್ದೇ 2020ರಲ್ಲಿ. ಅದೂ ಪಟ್ಟಿಯಲ್ಲಿರುವ ಕಾರುಗಳಿಗೆ ಮಾತ್ರ. ನನ್ನ ಆಫೀಸಿನವನೊಬ್ಬನ ಕಾರು ಪಟ್ಟಿಯಲ್ಲಿದೆ, ಅದಕ್ಕಿಂತ ಒಂದು ವರ್ಷ ಹಳೆಯ ನನ್ನ ಕಾರು ಇಲ್ಲ. ಅದೇ ಬಲ್ಬು, ಅದೇ ರಸ್ತೆ. ಅವನು ಹಾಕಿಕೊಂಡರೆ ಕಾನೂನು, ನಾನು ಹಾಕಿಕೊಂಡರೆ ಅಪರಾಧ.

ಕೊನೆಗೆ ಹೊಸ ಹೆಡ್‌ಲೈಟ್ ಜೋಡಿಯನ್ನೇ ತರಿಸಿದೆ. ಗಾಜಿನ ಮೇಲೆ ವೃತ್ತದೊಳಗೆ ಇ ಅಕ್ಷರ, ಪಕ್ಕದಲ್ಲಿ ದೇಶದ ನಂಬರು. ಅದಿಲ್ಲದಿದ್ದರೆ ಮುಟ್ಟುವುದೂ ಇಲ್ಲ. ಒಳಗೆ ಮತ್ತೆ ಅದೇ 55 ವ್ಯಾಟಿನ ಹ್ಯಾಲೊಜೆನ್. ಫಿಟ್ಟಿಂಗ್ ಸೇರಿ 240 ಯೂರೋ. ಜೆ.ಸಿ. ರಸ್ತೆಯಲ್ಲಿ ಅಷ್ಟು ದುಡ್ಡಿಗೆ ಹತ್ತು ಗಾಡಿಗೆ ದೀಪ ಹಾಕಿಸಬಹುದಿತ್ತು. ಆಮೇಲೆ ಲೆವೆಲ್ ಕೂರಿಸುವ ಶಾಸ್ತ್ರ. ನೆಲ ಸಮ ಇರಬೇಕು, ಟೈರಿಗೆ ಗಾಳಿ ಸರಿಯಿರಬೇಕು, ಬೆಳಕಿನ ಗೆರೆ 10 ಮೀಟರ್ ದೂರಕ್ಕೆ 10 ಸೆಂಟಿಮೀಟರ್ ಇಳಿಯಬೇಕು. ಡ್ರೈವರ್ ಸೀಟಿನಲ್ಲಿ 75 ಕಿಲೋ ಇರಬೇಕಂತೆ. ನಾನು 81. ಪರವಾಗಿಲ್ಲ ಕೂತ್ಕೊಳ್ಳಿ ಅಂದ. ಈ ದೇಶದಲ್ಲಿ ನನಗೆ ಸಿಕ್ಕ ದೊಡ್ಡ ರಿಯಾಯಿತಿ ಅದು.

ಸ್ಟಿಕ್ಕರ್ ಅಂಟಿಸಿಕೊಂಡು ರಾತ್ರಿ ಮನೆಗೆ ಹೊರಟೆ. ಎಲ್‌ಇಡಿಯಷ್ಟು ಪ್ರಖರ ಅಲ್ಲ. ಆದರೂ ಎಲ್ಲ ಕಾಣುತ್ತಿತ್ತು. ಯಾಕೆ ಕಾಣುತ್ತಿದೆ ಅಂತ ಗಮನಿಸಿದ್ದು ಅವತ್ತೇ, ಗಮನಿಸಿದ ಮೇಲೆ ನನ್ನ ಭಾಷಣ ಸ್ವಲ್ಪ ತಗ್ಗಿತು. ರಸ್ತೆಯ ಎರಡೂ ಕಡೆ 50 ಮೀಟರಿಗೊಂದು ಬಿಳಿ ಕಂಬ. ಬಲಗಡೆಯದಕ್ಕೆ ಉದ್ದದ ಒಂದು ರಿಫ್ಲೆಕ್ಟರ್, ಎಡಗಡೆಯದಕ್ಕೆ ಎರಡು ದುಂಡು ಬೊಟ್ಟು. ಸ್ವಲ್ಪ ಬೆಳಕು ತಾಗಿದರೆ ಸಾಕು, ಮುಂದಿನ ತಿರುವು ಎತ್ತ ಅಂತ ಅವೇ ಹೇಳುತ್ತವೆ. ಬಿಳಿ ಗೆರೆಯೂ ಹಾಗೇ ಹೊಳೆಯುತ್ತದೆ. ಅವನ್ನೆಲ್ಲ ಕಿತ್ತುಬಿಟ್ಟರೆ ನನ್ನ 240 ಯೂರೋ ದೀಪ ಬರೀ ಹಣತೆ.

ನಮ್ಮ ಕೊಪ್ಪದ ಕಡೆಯ ರಸ್ತೆಯಲ್ಲಿ ಏನಿದೆ? ಬಣ್ಣವಿಲ್ಲದ ಹಂಪು. ಹಿಂದೆ ದೀಪವಿಲ್ಲದ ಟ್ರ್ಯಾಕ್ಟರು. ಮಳೆ, ಮಂಜು, ನಡುರಸ್ತೆಯಲ್ಲಿ ಕಾಡುಕೋಣ. ಇದನ್ನೆಲ್ಲ ತಮ್ಮನಿಗೆ ಹೇಳುತ್ತಿದ್ದೆ. ಅವನು ಮಧ್ಯದಲ್ಲೇ, "ಅಣ್ಣಾ, ನಿಮ್ಮಲ್ಲಿ ರಸ್ತೆ ತಾನೇ ಕಾಣಿಸ್ಕೊಳ್ಳುತ್ತೆ. ನಮ್ಮಲ್ಲಿ ನಾವೇ ಹುಡುಕ್ಬೇಕು" ಅಂದ. ಉತ್ತರ ಹೊಳೆಯಲಿಲ್ಲ.

ಇನ್ನೊಂದನ್ನೂ ಒಪ್ಪಿಕೊಂಡುಬಿಡುತ್ತೇನೆ, ಇಷ್ಟು ಹೊತ್ತು ಸುಮ್ನೆ ಮುಚ್ಚಿಟ್ಟಿದ್ದೆ. ಅಪ್ಪನ 100/90 ಬಲ್ಬಿನ ಕತೆ ಬಹಳ ದಿನ ನಡೆಯಲಿಲ್ಲ. ಆರು ತಿಂಗಳಲ್ಲಿ ಹೋಲ್ಡರ್ ಕರಗಿ ಗಾಡಿಯೆಲ್ಲ ಸುಟ್ಟ ವಾಸನೆ. ತೀರ್ಥಹಳ್ಳಿಯಲ್ಲಿ ಬ್ಯಾಟರಿ, ವೈರಿಂಗ್ ಕೆಲಸ ಮಾಡುವವರೊಬ್ಬರು ಮೀಟರ್ ಹಿಡಿದು ನೋಡಿದರು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 13.8 ವೋಲ್ಟ್, ಬಲ್ಬಿನ ಹತ್ತಿರ 12 ಚಿಲ್ಲರೆ. ಸಣ್ಣ ವೈರು, ಹಳೇ ಸ್ವಿಚ್ಚು, ದಾರಿಯಲ್ಲೇ ಸೋರಿಹೋಗುತ್ತಿತ್ತು. ಹ್ಯಾಲೊಜೆನ್‌ಗೆ ವೋಲ್ಟೇಜ್ 10 ಪರ್ಸೆಂಟ್ ಇಳಿದರೆ ಬೆಳಕು ಹತ್ತಿರ ಹತ್ತಿರ 30 ಪರ್ಸೆಂಟ್ ಇಳಿಯುತ್ತದೆ. "ಬಲ್ಬು ದೊಡ್ಡದು ಮಾಡಿದ್ರೆ ಆಗಲ್ಲ ಮೇಷ್ಟ್ರೇ, ಕರೆಂಟ್ ಬರೋ ದಾರಿ ದೊಡ್ಡದು ಮಾಡ್ಬೇಕು" ಅಂದರು. ಬ್ಯಾಟರಿಯಿಂದ ನೇರವಾಗಿ ದಪ್ಪ ವೈರು ಎಳೆದು, ಫ್ಯೂಸ್ ಕೊಟ್ಟು, ಬಲ್ಬಿನ ಕರೆಂಟು ಹಳೇ ಸ್ವಿಚ್ಚಿನ ಮೇಲೆ ಬೀಳದ ಹಾಗೆ ಎರಡು ರಿಲೇ ಕೂರಿಸಿ, ಮತ್ತೆ ಅದೇ 60/55 ಬಲ್ಬು ಹಾಕಿದರು. ಕೆಂಪಗೆ ಉರಿಯುತ್ತಿದ್ದದ್ದು ಬೆಳ್ಳಗಾಯಿತು.

ಅಷ್ಟಕ್ಕೇ ಬಿಡಲಿಲ್ಲ. ಸಂಜೆ ಕತ್ತಲಾಗುವವರೆಗೆ ಕಾದು, ಓಮ್ನಿಯನ್ನು ಶಾಲೆಯ ಕಾಂಪೌಂಡ್ ಗೋಡೆಯ ಎದುರು ನಿಲ್ಲಿಸಿ, ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಬೆಳಕು ಗೆರೆಯಿಂದ ಮೇಲೆ ಹೋಗದ ಹಾಗೆ ಸ್ಕ್ರೂ ತಿರುಗಿಸಿದ್ದರು. ನಾನು ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದೆ. ಏನು ಮಾಡುತ್ತಿದ್ದಾರೆ ಅಂತ ಕೇಳಬೇಕು ಅಂತಲೂ ಅನಿಸಿರಲಿಲ್ಲ.

ಜೆ.ಸಿ. ರಸ್ತೆಯ ಜೋಡಿ ಬಲ್ಬು ಈಗ ಅಡುಗೆಮನೆಯ ಡ್ರಾಯರ್‌ನಲ್ಲಿವೆ. ಡಿಸೆಂಬರ್‌ನಲ್ಲಿ ಊರಿಗೆ ಹೊರಟಿದ್ದೇನೆ ಅಂದಾಗ ತಮ್ಮ ಕೇಳಿದ. "ಅಲ್ಲಿ ಆಗಲ್ಲ ಅಂದ್ರೆ ಅದನ್ನ ವಾಪಸ್ ತಂದ್ಬಿಡು ಅಣ್ಣಾ, ನನ್ನ ಗಾಡಿಗೂ ಅದೇ ಸೈಜು." ಆಯ್ತು ನೋಡೋಣ ಅಂದಿದ್ದೇನೆ. ಸೂಟ್‌ಕೇಸಿಗೆ ಇನ್ನೂ ಹಾಕಿಲ್ಲ.